ಮಗ್ಗದ ಗದ್ದಲ ನಿಂತ ಮೇಲೆ

ಭಾನುವಾರ, ಬೆಳಿಗ್ಗೆ

ಜಗಳವನ್ನೂ ಆಡದೆ ಮನೆ ಬಿಟ್ಟು ಅಣ್ಣನ ಮನೆ ಸೇರಿದ ನಮ್ಮ ಯಜಮಾನರಿಗೆ,

ನಾನು, ಮಗಳು ಕ್ಷೇಮ. ನೀವೂ ಕ್ಷೇಮವೆಂದು ಭಾವನವರು ಫೋನಿನಲ್ಲಿ ಹೇಳುತ್ತಾರೆ, ಆದರೆ ನಿಮ್ಮಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಊಟಕ್ಕೂ ಏಳುವುದಿಲ್ಲವಂತೆ, ಗೋಡೆ ಕಡೆ ತಿರುಗಿ ಮಲಗಿಯೇ ಇರುತ್ತೀರಂತೆ.

ಬಟ್ಟೆ ಕೊಳ್ಳುವವರಿಲ್ಲವೆಂದು ನಾವೆಲ್ಲ ದುಡಿಯುತ್ತಿದ್ದ ಗಿರಣಿ ಮುಚ್ಚಿದ ಮೇಲೆ ಇಡೀ ಓಣಿಗೆ ಮಂಕು ಬಡಿದಿದೆ. ಮಗ್ಗಗಳ ಸದ್ದಿಗೆ ಒಗ್ಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದವರು ನಾವು. ಉಪ್ಪು ಕೇಳಿದರೂ ಆಚೆ ಬೀದಿಯವರು ಜಗಳವೆಂದುಕೊಳ್ಳುತ್ತಿದ್ದರು. ಈಗ ಯಾವ ಮನೆಯಲ್ಲೂ ಚಕಾರವಿಲ್ಲ. ಹೋಗುವ ದಿನ ನೀವು, "ನಾನಿಲ್ದಿದ್ರೆ ನಿಮಗೆ ಒಂದು ಹೊರೆ ಕಡಿಮೆ" ಅಂದಿರಲ್ಲ, ಅದೇ ಮಾತನ್ನು ಪಕ್ಕದ ಮನೆಯಲ್ಲೂ ಅಂದಿದ್ದಾರೆ, ಎದುರು ಮನೆಯಲ್ಲೂ ಅಂದಿದ್ದಾರೆ.

ಆಸ್ಪತ್ರೆಯ ನರ್ಸಮ್ಮ ಈಗ ವಾರಕ್ಕೊಮ್ಮೆ ಕಾರ್ಮಿಕ ಸಂಘದ ಕೋಣೆಗೆ ಬಂದು, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ ಎನ್ನುತ್ತಾರೆ. ಮೊದಲ ದಿನ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ಕೊನೆಗೆ ನಮ್ಮ ಮೇಸ್ತ್ರಿ, ಆ ಸಿಡುಕಪ್ಪ, ತುಟಿಯಾಡಿಸಿದರು. ದನಿಯಿಲ್ಲ. ಮಗ್ಗದ ಗದ್ದಲದಲ್ಲಿ ಆಚೆ ಸಾಲಿನವರ ಜೊತೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವಲ್ಲ, ಹಾಗೆ. "ಬೆಳಿಗ್ಗೆ ಏಳೋಕೆ ಭಯ ಆಗುತ್ತೆ" ಅಂದರು. ನಮಗೆಲ್ಲ ತಿಳಿಯಿತು. ಗಂಟಲು ದಾಟದ ಮಾತನ್ನು ಹೀಗೆ ಹೇಳಬಹುದೆಂದು ಗೊತ್ತಾದ ಮೇಲೆ ಕೇಳಬೇಕೆ, ಒಬ್ಬೊಬ್ಬರೇ ತುಟಿಯಾಡಿಸತೊಡಗಿದರು. ಪಾಪ ನರ್ಸಮ್ಮ, ತಮ್ಮ ಕಿವಿಯೇ ಕೆಟ್ಟಿತೆಂದು ಗಾಬರಿಯಾದರು. ಅದನ್ನು ಕಂಡು ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅತ್ತರು, ಜೋರಾಗಿಯೇ.

ಮೇಸ್ತ್ರಿಯನ್ನು ನರ್ಸಮ್ಮ ಡಾಕ್ಟರ ಹತ್ತಿರ ಕಳಿಸಿದರು. ಇದು ಸೋಮಾರಿತನವಲ್ಲ, ಕಾಯಿಲೆ, ವಾಸಿಯಾಗುತ್ತದೆ ಎಂದರಂತೆ. ಮಾತ್ರೆ ನುಂಗುತ್ತಿದ್ದಾರೆ, ನಿದ್ದೆ ಹತ್ತುತ್ತಿದೆ, ಮೊನ್ನೆ ನನ್ನನ್ನು ಗದರಿಸಿದರು ಕೂಡ. ಎಷ್ಟು ಖುಷಿಯಾಯಿತು ಗೊತ್ತೇ!

ಕೆಲಸ ಇನ್ನೂ ಯಾರಿಗೂ ಸಿಕ್ಕಿಲ್ಲ, ಸುಳ್ಳೇಕೆ ಹೇಳಲಿ. ನಾನು ಅವರಿವರ ಬಟ್ಟೆ ಹೊಲಿಯುತ್ತೇನೆ, ಊಟಕ್ಕೆ ಮೋಸವಿಲ್ಲ. ನೀವು ಹೊರೆಯಲ್ಲ ಕಣ್ರೀ, ನನಗೆ ಬೇಕಾದವರು. ನೀವಿಲ್ಲದೆ ಮನೆ ಭಣಭಣ ಎನ್ನುತ್ತಿದೆ. ನರ್ಸಮ್ಮನ ಹತ್ತಿರ ಒಂದು ಸಲ ಬಂದು ಕೂತುಕೊಳ್ಳಿ, ಅಷ್ಟು ಸಾಕು.

ಇಂತಿ ನಿಮ್ಮ
ಬಾಯಿಬಡುಕಿ

ತಾ.ಕ.: ಕವರಿಗೆ ಅಂಚೆಚೀಟಿ ಇಲ್ಲವೆಂದು ಈಗಾಗಲೇ ನೋಡಿರುತ್ತೀರಿ. ಇದನ್ನು ಭಾವನವರ ಕೈಗೆ ಕೊಟ್ಟು, ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಮಗಳು ಪಕ್ಕದ ಮನೆಯಲ್ಲಿದ್ದಾಳೆ. ಇವತ್ತು ಎದ್ದು ಬರಲು ಆಗದಿದ್ದರೆ ಚಿಂತೆಯಿಲ್ಲ, ನಾಳೆ ಹೋಗೋಣ. ನಾನೂ ಚಾಪೆ ತಂದಿದ್ದೇನೆ.