ಪಕ್ಷ ಒಡೆಯದ ದೇಶ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಲಾಯರಣ್ಣನವರಿಗೆ,

ನಿಮ್ಮ ತಂಗಿಯ ನಮಸ್ಕಾರ. ಇವರು ಹೋದ ಸುದ್ದಿ ತಿಳಿದು ನೀವು ಬರೆದ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಂದು ಹೋಗುವವರನ್ನು ವಿಚಾರಿಸಿಕೊಳ್ಳುವುದರಲ್ಲೇ ದಿನ ಕಳೆಯಿತು. ಈಗ ಮನೆ ಖಾಲಿ. ಮಂಡಿ ನೋವು ಬಿಟ್ಟರೆ ನಾನು ಕ್ಷೇಮ.

ಮೊದಲು ನಿಮ್ಮ ಉಪಕಾರ ನೆನೆಯಬೇಕು. ನಮ್ಮ ಪಕ್ಷ ಒಡೆದಾಗ ಮಾತು ಬಿಟ್ಟು ಮೂವತ್ತು ವರ್ಷವಾದ ಗೆಳೆಯ ಹಾಸಿಗೆ ಹಿಡಿದಿದ್ದಾನೆ ಅಂತ ಕೇಳಿ, ಕರೆಯದೆಯೇ ಬಂದವರು ನೀವು. ಬಾಗಿಲು ತೆಗೆದಾಗ ನನಗೆ ಒಂದೇ ಭಯ, ಎಲ್ಲಿ ಇವರು ಗೋಡೆ ಕಡೆ ಮುಖ ತಿರುಗಿಸುತ್ತಾರೋ ಅಂತ. ಇವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, "ಏನ್ ಲಾಯರೇ, ಆವತ್ತು ವರ್ತಕರ ಪಕ್ಷದ ಜೊತೆ ಸರ್ಕಾರ ಮಾಡೋಣ ಅಂತ ನಿಮ್ಮ ರೈತರು ಕೈ ಎತ್ತದೇ ಇದ್ದಿದ್ರೆ ದೇಶ ಹೇಗಿರ್ತಿತ್ತು, ಹೇಳಿ ನೋಡೋಣ" ಅಂದರು. ನೀವು ಮಂಚದ ಅಂಚಿಗೆ ಕೂತು, "ನೀನು ಗಿರಣಿ ಕೆಲಸಗಾರರನ್ನೆಲ್ಲ ಕಟ್ಕೊಂಡು ಸಭೆಯಿಂದ ಎದ್ದು ಹೋಗದೇ ಇದ್ದಿದ್ರೆ, ಅಂತ ಶುರು ಮಾಡೋಣ" ಅಂದಿರಿ. ಸದ್ಯ, ಇಬ್ಬರೂ ನಕ್ಕಿರಿ.

ಆಮೇಲೆ ದಿನವೂ ಮಧ್ಯಾಹ್ನ ಅದೇ ಆಟ, ಪಕ್ಷ ಒಡೆಯದ ದೇಶ ಕಟ್ಟುವುದು. ರೈತರೂ ಗಿರಣಿಯವರೂ ಒಂದೇ ಪಕ್ಷದಲ್ಲಿ ಉಳಿದರು. ಒಡೆದದ್ದು ವರ್ತಕರ ಪಕ್ಷ. ಸಣ್ಣ ಅಂಗಡಿಯವರು ಮುನಿಸಿಕೊಂಡು ನಮ್ಮ ಕಡೆ ಬಂದರು, ದೊಡ್ಡ ಕುಳಗಳು ಹಳೇ ಜಮೀನ್ದಾರರ ಜೊತೆ ಸೇರಿ ವಿರೋಧಪಕ್ಷ ಕಟ್ಟಿದರು. ಆ ದೇಶದಲ್ಲಿ ಗಿರಣಿ ಮುಚ್ಚಲಿಲ್ಲ. ನೀರಾವರಿ ಖಾತೆ ಯಾರಿಗೆ ಅಂತ ನೀವಿಬ್ಬರೂ ನಿಜವಾಗಿಯೂ ಜಗಳಕ್ಕೆ ಬಿದ್ದಿರಿ. ನರ್ಸಮ್ಮ, "ಆರೋಗ್ಯ ಖಾತೆ ನನಗೆ ಕೊಟ್ರೆ ಇಂಜೆಕ್ಷನ್ ನೋಯಲ್ಲ" ಅಂದಾಗ ಇವರು ಮಲಗಿದಲ್ಲಿಂದಲೇ ಪ್ರಮಾಣವಚನ ಬೋಧಿಸಿದರು. ಈ ಮನೆಯಲ್ಲಿ ಅಷ್ಟು ನಗು ಕೇಳಿ ಯಾವ ಕಾಲವಾಗಿತ್ತೋ.

ಬರಬರುತ್ತಾ ಇವರಿಗೆ ಅದು ಆಟ ಅನ್ನುವುದೇ ಮರೆತುಹೋಯಿತು. "ಅಧಿವೇಶನ ಹತ್ರ ಬಂತು, ಮಸೂದೆ ಎಲ್ಲಿ?" ಅಂತ ನಿಮ್ಮನ್ನು ಗದರಿದರು. ನೀವು ಒಂದು ಗಳಿಗೆ ನನ್ನ ಮುಖ ನೋಡಿದಿರಿ. ಆಮೇಲೆ, "ತಯಾರಾಗಿದೆ ಕಣೋ, ನಿನ್ನ ಸಹಿಯೊಂದು ಬಾಕಿ" ಅಂದಿರಿ. ಬೇರೆ ಯಾರಾದರೂ ತಿದ್ದಲು ಹೋಗುತ್ತಿದ್ದರು. ಚುನಾವಣೆ ಮೇಲೆ ಚುನಾವಣೆ ಸೋತವರು ಗೆದ್ದವರ ಹಾಗೆ ಕಣ್ಣು ಮುಚ್ಚಿದರು. ಆ ಋಣ ನಾನು ತೀರಿಸಲಾರೆ, ಅಣ್ಣಾ.

ಅತ್ತಿಗೆಗೆ ನನ್ನ ನೆನಪು ಹೇಳಿ. ಮೊಮ್ಮಗಳು ಕಾಲೇಜು ಚುನಾವಣೆಗೆ ನಿಂತಿದ್ದಾಳೆ ಅಂತ ಬರೆದಿದ್ದಿರಿ. ಗೆಲ್ಲಲಿ, ಸೋಲಲಿ, ಯಾರದೋ ಮಾತಿಗೆ ಹಿಂದೆ ಸರಿಯದಿರಲಿ. ಅವಳಿಗೆ ನನ್ನ ತುಂಬು ಆಶೀರ್ವಾದ.

ಇಂತಿ,
ನಿಮ್ಮ ತಂಗಿ

ತಾ.ಕ.: ಇದನ್ನು ಬರೆಯುವುದೇ ಬೇಡ ಅಂದುಕೊಂಡಿದ್ದೆ. ಪಕ್ಷ ಒಡೆಯುವ ಮುಂಚೆ, ಅಧ್ಯಕ್ಷ ಸ್ಥಾನಕ್ಕೆ ಎರಡೂ ಬಣದವರು ಒಪ್ಪಿದ್ದ ಒಂದೇ ಹೆಸರು ನನ್ನದು. ನಿಮಗೆ ನೆನಪಿದೆಯೋ ಇಲ್ಲವೋ. ಒಡೆದ ಮೇಲೆ ಇವರು "ಮನೆಗೊಬ್ಬರು ಸಾಕು" ಅಂದರು. ನಾನು ಮತ್ತೆ ವೇದಿಕೆ ಹತ್ತಲಿಲ್ಲ. ನಿಮ್ಮಿಬ್ಬರ ಮಂತ್ರಿಮಂಡಲದಲ್ಲೂ ನನ್ನ ಹೆಸರು ಬರಲಿಲ್ಲ, ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಲೇ ಇದ್ದೆ. ನೀವು ಊರಿಗೆ ಹೊರಟ ಮಾರನೆಯ ದಿನ ಇವರಿಗೆ ಹಾಲು ತಂದೆ. ಇವರು ದಿಂಬಿಗೆ ಕೈಯೂರಿ ಏಳಲು ನೋಡುತ್ತಾ, "ಅಧ್ಯಕ್ಷರು ಬಂದ್ರು, ದಾರಿ ಬಿಡ್ರಪ್ಪಾ" ಅಂದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅವರೆದುರು ನಿಂತೆ. "ಮಾತಾಡಿ ಅಮ್ಮಾ, ಜನ ಕಾಯ್ತಿದ್ದಾರೆ" ಅಂದರು. ನನಗೆ ಒಂದು ಮಾತೂ ಹೊರಡಲಿಲ್ಲ.