ಗೆದ್ದ ದಿನ ಹೊರಗಿದ್ದವಳು

ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಬೆಂಚು
೧೨ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಔಷಧಿ ಅಂಗಡಿಯಲ್ಲಿ ಇಡೀ ದಿನ ನಿಂತು ನಿಂತು ಹಿಮ್ಮಡಿ ನೋವು ಹೆಚ್ಚಾಗಿದೆಯೆಂದು ಬರೆದಿದ್ದೆ. ಊರಿಗೆಲ್ಲ ಮುಲಾಮು ಕೊಡುವವಳು ನೀನೊಮ್ಮೆ ಹಚ್ಚಿಕೊಂಡೆಯೋ ಇಲ್ಲವೋ? ಭಾವ ಆರೋಗ್ಯವೇ? ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟವನು, ಮೇಲೆ ಬರೆದ ಸ್ಥಳವನ್ನು ನೋಡಿ ನಿಲ್ಲಿಸಿದೆ. ನೀನೂ ಅದನ್ನು ಆಗಲೇ ಓದಿರುತ್ತೀಯ. ಗಾಬರಿಯಾಗಬೇಡ. ಅಪ್ಪನಿಗೆ ಎದೆಯ ಆಪರೇಷನ್, ಗುರುವಾರ ಬೆಳಿಗ್ಗೆ. ಸದ್ಯಕ್ಕೆ ಮಂಚದ ಮೇಲೆ ಕೂತು, ವಾರ್ಡಿನ ಪರದೆಯ ಅಂಚು ನೆಟ್ಟಗೆ ಹೊಲಿದಿಲ್ಲವೆಂದು ನರ್ಸಮ್ಮನಿಗೆ ಪಾಠ ಹೇಳುತ್ತಿದ್ದಾರೆ.

"ಅವಳಿಗೆ ಫೋನ್ ಮಾಡಕೂಡದು" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬರೆಯಕೂಡದು ಎನ್ನಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕಪ್ಪನ ಮಗಳು ಸಂಜೆಯ ಬಸ್ಸಿಗೆ ನಿಮ್ಮೂರಿಗೆ ಹೊರಟಿದ್ದಾಳೆ, ನಿನ್ನ ಕೈಗೇ ಕೊಡುತ್ತಾಳೆ. ಕೂತಲ್ಲಿ ಕೂರಲು ಆಗುತ್ತಿಲ್ಲ ಅಕ್ಕಾ. ಎರಡು ಸಾಲು ಬರೆಯುತ್ತೇನೆ, ಎದ್ದು ವಾರ್ಡಿನ ಬಾಗಿಲವರೆಗೆ ಹೋಗಿ ಬರುತ್ತೇನೆ. ಲಿಫ್ಟಿನಿಂದ ಇಳಿದವರ ಭುಜದ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತೇನೆ. ಮನೆ ಮುಂದಿನ ನಮ್ಮ ಹೊಲಿಗೆ ಅಂಗಡಿಯಲ್ಲಿ ಮೂರು ಕೋಟು ಅರ್ಧಕ್ಕೆ ನಿಂತಿವೆ.

ನಿನ್ನೆ ಚಿಕ್ಕಪ್ಪ ಬಂದಿದ್ದರು. ನಮ್ಮ ಥರ್ಡ್ ಅಂಪೈರ್ ಒಂಚೂರೂ ಬದಲಾಗಿಲ್ಲ, ಕಾಫಿ ಬೇಕೇ ಎಂದರೂ ಮೇಲೆ ನೋಡಿ ಯೋಚಿಸಿಯೇ ತೀರ್ಪು ಕೊಡುತ್ತಾರೆ. ಅಪ್ಪನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಮೂವರೂ ಸೇರಿದ್ದೇ ತಡ, ನಮ್ಮವರು ಗೆದ್ದ ಟೆಸ್ಟ್ ಪಂದ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂಬ ಜಗಳ ಶುರುವಾಯಿತು. ಫಾಲೋ ಆನ್ ಆದ ಮೇಲೂ ಎದ್ದು ನಿಂತು ಗೆದ್ದದ್ದೇ ಗೆಲುವು ಎಂದು ಡ್ರೈವರ್ ಹಟ ಹಿಡಿದ. ಚಿಕ್ಕಪ್ಪನದು ಯಾವುದೋ ಕಾಲದ ರೇಡಿಯೋ ಪಂದ್ಯ. ಗೆಲ್ಲುವ ಹೊತ್ತಿಗೆ ಕರೆಂಟು ಹೋಗಿ ಮರುದಿನದ ಪೇಪರಿನಲ್ಲಿ ಓದಿದ್ದಂತೆ. "ನೋಡದೇ ಇರೋ ಗೆಲುವಿಗೆ ಇಷ್ಟು ಹಾರಾಟಾನಾ!" ಎಂದು ಅಪ್ಪ ಅವರನ್ನು ಮಂಚದ ತುದಿಗೆ ಸರಿಸಿ, ತಮ್ಮದನ್ನು ತೆಗೆದರು. ಕೊನೆಯ ವಿಕೆಟ್ಟಿಗೆ ಗೆದ್ದ ಪಂದ್ಯ. ಇನ್ನೇನು ತೆಗೆಯುತ್ತಾರೆ?

ಯಾರು ಎಲ್ಲಿದ್ದರೆಂಬುದನ್ನು ಈಗಲೂ ಹಾಗೇ ಹೇಳುತ್ತಾರೆ. ತಾವು ಮೆಷಿನ್ನಿನ ಸ್ಟೂಲಿನ ಮೇಲೆ, ಅಮ್ಮ ಅಡುಗೆಮನೆ ಬಾಗಿಲಲ್ಲಿ, ಚಿಕ್ಕಪ್ಪ ಒಂದು ಕಾಲು ಕುರ್ಚಿಯ ಮೇಲಿಟ್ಟು, ನಾನು ಕತ್ತರಿಸುವ ಮೇಜಿನ ಕೆಳಗೆ. ನೀನು ಗುಂಡಿ ತರಲು ಹೋಗಿದ್ದೆ. ನೀನು ಹೋದ ಮೇಲೆ ನಮ್ಮವರ ವಿಕೆಟ್ ಬೀಳುವುದು ನಿಂತಿತ್ತು. ತಿರುಗಿ ಬಂದು ಹೊಸ್ತಿಲೊಳಗೆ ಕಾಲಿಟ್ಟ ಕ್ಷಣವೇ ಚೆಂಡು ಕಾಲಿಗೆ ಬಡಿದು, ಎದುರಾಳಿಗಳೆಲ್ಲ ಔಟೆಂದು ಕೂಗಿದರು. ಅಂಪೈರ್ ಬೆರಳೆತ್ತಲಿಲ್ಲ. ಅಪ್ಪ ಎತ್ತಿದರು, ನಿನ್ನ ಕಡೆಗೆ. "ಹೋಗು, ಹೋಗು, ಅಲ್ಲೇ ನಿಲ್ಲು! ಒಳಗೆ ಬರಬೇಡ!" ಕೆಲಸಕ್ಕೆ ಸೇರಿ ಸಂಬಳ ತರುತ್ತಿದ್ದ ಮಗಳು ನೀನು, ಗುಂಡಿಯ ಪೊಟ್ಟಣ ಹಿಡಿದು ಫುಟ್‌ಪಾತಿನ ಬಿಸಿಲಲ್ಲಿ ನಿಂತೆ. ಅಲ್ಲಿಂದ ಅಂಗಡಿಯ ಟಿವಿಗೆ ಕೋಟು ತೊಡಿಸಿದ ಗೊಂಬೆ ಅಡ್ಡ. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೀಟು ಎಳೆದು ನನಗೆ ಎಲ್‌ಬಿಡಬ್ಲ್ಯು ಕಲಿಸಿದವಳು ನೀನು. ನಮ್ಮೆಲ್ಲರಿಗಿಂತ ಆಟ ಬಲ್ಲವಳು ನೀನೆಂದು ಅಪ್ಪನೇ ಹೇಳಿದರು, ಅಂಥವಳಿಗೆ ಅವತ್ತು ಕೇಳಿಸಿದ್ದು ನಮ್ಮ ಕಿರುಚಾಟ ಮಾತ್ರ.

ವಾರ್ಡೆಲ್ಲ ನಕ್ಕಿತು. ಡ್ರೈವರ್ ಮಾತ್ರ, "ಅಲ್ಲಾ ಟೈಲರ್ ಮೇಷ್ಟ್ರೇ, ಆಟ ಬಲ್ಲೋಳು ಅವಳೊಬ್ಬಳೇ ಅಂತೀರಿ, ಅವಳನ್ನೇ ಆಚೆ ಹಾಕಿದ್ರಾ?" ಎಂದ. ಅಪ್ಪ ಹೊದಿಕೆಯ ನೂಲೊಂದನ್ನು ಎಳೆಯುತ್ತಾ ಕೂತರು.

ಆ ಮೇಲೆ ಅದೇ ನಮ್ಮ ಮನೆಯ ಪದ್ಧತಿಯಾಯಿತಲ್ಲ. ಪಂದ್ಯ ಬಿಗಿಯಾದರೆ, "ಒಂಚೂರು ಆಚೆ ಹೋಗಮ್ಮ, ತಾಯಿ." ನೀನೂ ನಗುತ್ತಾ ಹೋಗುತ್ತಿದ್ದೆ. ಮದುವೆಯಾದ ಮೇಲೆ ಹೇಳದೆ ಕೇಳದೆ ಚೀಲ ಹೊತ್ತು ಬಂದ ದಿನವೂ, ಐದನೇ ದಿನದ ಆಟವೆಂದು, "ಈ ಓವರ್ ಮುಗೀಲಿ, ಇರು" ಎಂದರು. ಓವರ್ ಮುಗಿದಾಗ ಬಾಗಿಲಲ್ಲಿ ನಮಗೆ ತಂದ ಚೀಲವಿತ್ತು, ನೀನಿರಲಿಲ್ಲ. "ಅವಳಿಗೆ ಮೂಗಿನ ತುದೀಲೇ ಕೋಪ" ಎಂದು ಅಪ್ಪ ಮಾತು ಮುಗಿಸಿದರು. ಅಂದಿನಿಂದ ನೀನು ನನಗೆ ಬರೆಯುತ್ತೀಯ, ಅಮ್ಮನೊಡನೆ ಮಾತಾಡುತ್ತೀಯ, ಹೊಸ್ತಿಲು ಮಾತ್ರ ತುಳಿದಿಲ್ಲ. ನಾನು ಕೇಳಲೂ ಇಲ್ಲ. ಕೇಳಿದ್ದರೆ ಏನೆನ್ನುತ್ತಿದ್ದೆಯೋ.

ಈಗಲೂ ಫೋನ್ ಬೇಡವೆನ್ನುವುದು ಅದಕ್ಕೇ. "ಅವಳು ಆಚೆ ಇದ್ರೆ ಗೆಲ್ತೀವಿ ಕಣೋ" ಎಂದು ನಕ್ಕರು. ಪೂರ್ತಿ ನಗೆಯಲ್ಲ. ಡಾಕ್ಟರು ಹೆಚ್ಚು ಹೇಳುವವರಲ್ಲ, ವಯಸ್ಸಾಗಿದೆ, ನೋಡೋಣ ಎಂದಷ್ಟೇ ಅಂದರು. ಅಮ್ಮ ಅವರಿಗೇ, "ಡ್ರಾ ಆದ್ರೂ ಸಾಕು ಸ್ವಾಮಿ" ಎಂದುಬಿಟ್ಟಳು. ಐದು ದಿನ ಆಡಿ ಕೈಕುಲುಕಿ ಹೋಗೋದು ಎಂಥ ಆಟವೆಂದು ಜನ್ಮವೆಲ್ಲ ಹಂಗಿಸಿದವಳು!

ಇನ್ನು ನಿಲ್ಲಿಸುತ್ತೇನೆ. ಚಿಕ್ಕಪ್ಪನ ಮಗಳು ಕೆಳಗೆ ಬಂದು ನಿಂತಿದ್ದಾಳಂತೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದು ಬರೆಯಲು ಹೇಳಿದ್ದಾಳೆ.

ನಿನ್ನ ತಮ್ಮ,
ಮೇಜಿನ ಕೆಳಗಿನವನು

ಮರೆತಿದ್ದಲ್ಲ, ಈಗ ಆದದ್ದು: ಪತ್ರ ಮಡಿಚುತ್ತಿದ್ದೆ, ಅಪ್ಪ ಕರೆಸಿದರು. "ಅವತ್ತು ಗೆದ್ದ ಮೇಲೆ ಅವಳನ್ನ ಒಳಗೆ ಕರೆದದ್ದು ಯಾರೋ?" ಎಂದರು. ನಾನು ಅಮ್ಮನ ಮುಖ ನೋಡಿದೆ, ಅಮ್ಮ, ಮಗಳನ್ನು ಬಸ್ಸಿಗೆ ಹತ್ತಿಸಲು ಬಂದಿದ್ದ ಚಿಕ್ಕಪ್ಪನ ಮುಖ ನೋಡಿದಳು. ಒಬ್ಬರು ಕರೆದಿರಬೇಕೆಂದು ಇನ್ನೊಬ್ಬರು ಅಂದುಕೊಂಡಿದ್ದೆವು, ಅಷ್ಟೆ. ಥರ್ಡ್ ಅಂಪೈರ್ ಕೂಡ ಈ ಸಲ ತಡಮಾಡಲಿಲ್ಲ, "ಯಾರೂ ಕರೀಲಿಲ್ಲ ಅಣ್ಣಾ" ಎಂದರು. ಅಪ್ಪ ಕಿಟಕಿಯ ಕಡೆ ತಿರುಗಿ, "ಹಂಗಾದ್ರೆ ಅವಳಿನ್ನೂ ಅಲ್ಲೇ ನಿಂತವ್ಳೆ. ಸೋತರೆ ಸೋಲಲಿ, ಒಳಗೆ ಬಾ ಅನ್ನು" ಎಂದರು. ಗುರುವಾರ ಬೆಳಿಗ್ಗೆ ಅವರನ್ನು ಕರೆದೊಯ್ಯುತ್ತಾರೆ. ನಾಳೆಯ ಮೊದಲ ಬಸ್ಸಿಗೇ ಹೊರಡು. ಬಾಗಿಲಲ್ಲಿ ನಿಲ್ಲಬೇಡ ಅಕ್ಕಾ, ನೇರ ಒಳಗೆ ಬಾ.