ಮಧ್ಯಾಹ್ನದ ಮಣೆ

ಫೆಬ್ರವರಿ ೩೦, ೨೩೪೦
ಗುಡ್ಡದಕೇರಿ ಶಾಲೆ, ವಾದದ ಕೋಣೆ

ಮುನ್ನೂರು ವರ್ಷ ಹಿಂದಿನ ಎಂಟನೆಯ ತರಗತಿಯ ಮಕ್ಕಳಿಗೆ,

ಮೇಲಿನ ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಒಂದು ತಿಂಗಳಿಗೆ ಮಾತ್ರ ಕಡಿಮೆ ಬಡಿಸುವುದು ಯಾವ ನ್ಯಾಯ ಎಂದು ನಿಮ್ಮಷ್ಟೇ ವಯಸ್ಸಿನ ಮಕ್ಕಳು ಹಿಂದೊಮ್ಮೆ ವಾದಿಸಿ ಗೆದ್ದರು. ಜನವರಿ, ಮಾರ್ಚ್ ಎರಡೂ ಒಂದೊಂದು ದಿನ ಬಿಟ್ಟುಕೊಟ್ಟವು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನೆಲ ಅಗೆದಾಗ ಸಿಕ್ಕ ನಿಮ್ಮ ತರಗತಿಯ ನೋಟ್‌ಬುಕ್ಕೊಂದನ್ನು ಎದುರಿಗಿಟ್ಟುಕೊಂಡು ಅದರ ಭಾಷೆಯಲ್ಲೇ ಬರೆಯಲು ಹೆಣಗುತ್ತಿದ್ದೇನೆ. ಇನ್ನೊಂದು ಪೇಚೂ ಇದೆ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು, ಆದರೆ ನಿಮಗಿನ್ನೂ ಹದಿಮೂರು. ಕಾಲಿಗೆ ಬೀಳಲೋ, ಕಿವಿ ಹಿಂಡಲೋ ತಿಳಿಯದು. ಸದ್ಯಕ್ಕೆ ‘ನೀವು’ ಎನ್ನುತ್ತೇನೆ.

ನಾನು ನೀಲಾಂಬಿಕೆ ಬಂಡಿಹಾಳ, ಇಲ್ಲಿ ವಾದ ಕಲಿಸುವ ಟೀಚರ್. ನನ್ನ ತರಗತಿಯ ಹುಲಿಗೆಮ್ಮ ಎಂಬ ಹುಡುಗಿಯೊಂದಿಗೆ ಅವಳ ಅಜ್ಜ ಹತ್ತೊಂಬತ್ತು ದಿನಗಳಿಂದ ಮಾತು ಬಿಟ್ಟಿದ್ದಾರೆ. ಅದಕ್ಕೆ ನಾನೇ ಕಾರಣ. ಹಾಗಾಗಿಯೇ ಈ ಪತ್ರ.

ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ನೀತಿ ಚರ್ಚೆ, ಮೊದಲ ಪಾಠ’ ಎಂದಿದೆ. ಕೆಳಗೆ ದುಂಡಗಿನ ಅಕ್ಷರದಲ್ಲಿ ನಾಲ್ಕು ಪ್ರಶ್ನೆಗಳು. ಈಗ ಯಾರಿಗೆ ಏನು ತೊಂದರೆ? ಅದು ತಾನಾಗಿ ಯಾಕೆ ಹೋಗುತ್ತಿಲ್ಲ? ನೀವು ಹೇಳುವ ಉಪಾಯದಿಂದ ಹೋಗುತ್ತದೆಯೇ? ಹೋದರೆ ಬದಲಿಗೆ ಯಾವ ಹೊಸ ತೊಂದರೆ ಬರುತ್ತದೆ? ಇವತ್ತಿಗೂ ನಾವು ಕಲಿಸುವುದು ಇವನ್ನೇ. ಬದಲಾವಣೆ ಬೇಕೆನ್ನುವವರೇ ಮೊದಲು ಸಾಬೀತು ಮಾಡಬೇಕು ಎಂಬ ಮಾತೂ ಹಾಗೇ ಉಳಿದಿದೆ. ಪುಟದ ಅಂಚಿನಲ್ಲಿ ಮೀಸೆ ಹೊತ್ತ ಬೆಕ್ಕೊಂದಿದೆ. ಅದು ಪರವೋ ವಿರೋಧವೋ ಎಂದು ನನ್ನ ಮಕ್ಕಳು ಒಂದು ಇಡೀ ಪಿರಿಯಡ್ ಕಚ್ಚಾಡಿದ್ದಾರೆ. ಗೆದ್ದ ತಂಡಕ್ಕೆ ಪೆನ್ನು ಕೊಟ್ಟರೆಂದು ಬರೆದಿದ್ದೀರಿ, ಅದಂತೂ ನಮಗೆ ಬಿಡಿಸಲಾಗದ ಒಗಟು. ನಿಮ್ಮಲ್ಲಿ ವಾದ ಮುಗಿದ ಮೇಲೆ ಊರಿನಲ್ಲಿ ಏನೂ ಆಗುತ್ತಿರಲಿಲ್ಲವೇ? ಬರೀ ಪೆನ್ನೇ?

ನಮ್ಮಲ್ಲಿ ಹಾಗಲ್ಲ. ಶಾಲೆಯ ಮಕ್ಕಳು ಎರಡೂ ಕಡೆಯಿಂದ ವಾದಿಸದೆ ಊರ ಪಂಚಾಯಿತಿ ಯಾವುದನ್ನೂ ತೀರ್ಮಾನಿಸುವ ಹಾಗಿಲ್ಲ. ಪ್ರತಿ ಮಂಗಳವಾರ ಪಂಚಾಯಿತಿಯಿಂದ ಒಂದು ಚೀಟಿ ಬರುತ್ತದೆ, ಅದನ್ನು ‘ಊರಮಾತು’ ಎನ್ನುತ್ತೇವೆ. ಕೋಣೆಯಲ್ಲಿ ಎರಡು ಮಣೆಗಳಿವೆ. ಪರವಾಗಿ ಮಾತಾಡುವವರು ನಿಲ್ಲುವುದು ಒಪ್ಪುಮಣೆಯ ಮೇಲೆ, ವಿರೋಧಿಸುವವರದು ತಡೆಮಣೆ. ಬೆಳಿಗ್ಗೆ ಒಂದರ ಮೇಲೆ ನಿಂತವರು ಊಟವಾದ ಮೇಲೆ ಇನ್ನೊಂದನ್ನು ಹತ್ತಲೇಬೇಕು. ಊಟಕ್ಕೆ ಈಗಲೂ ಜೋಳದ ರೊಟ್ಟಿಯೇ. ಅದನ್ನು ಬದಲಿಸಬೇಕೆಂದು ವಾದ ಹೂಡಿದ ಗುಂಪು ಎರಡೇ ನಿಮಿಷಕ್ಕೆ ಸೋತು ಕೂತಿತು. ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಎರಡೂ ಮಣೆ ಹತ್ತಿ ಇಳಿಯುವುದರೊಳಗೆ ಗೊತ್ತಿರುವುದನ್ನೆಲ್ಲ ಹೇಳಬೇಕು, ಬಚ್ಚಿಡಬಾರದು. ನಿಮ್ಮಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದಕ್ಕೆ ಎಷ್ಟು ಅವಮಾನವೋ ನಮ್ಮಲ್ಲಿ ಇದಕ್ಕೆ ಅದರ ನಾಲ್ಕರಷ್ಟು.

ಈ ತಿಂಗಳು ಬಂದ ಒಂದು ಚೀಟಿಯಲ್ಲಿ ‘ಎಪ್ಪತ್ತು ದಾಟಿದವರು ತಂತಿಬಂಡಿ ನಡೆಸಬಾರದು’ ಎಂದಿತ್ತು. ತಂತಿಬಂಡಿ ಎಂದರೆ ಗುಡ್ಡದಿಂದ ಸಂತೆಗೆ ತಂತಿಯ ಮೇಲೆ ತೂಗಾಡುತ್ತ ಇಳಿಯುವ ಪೆಟ್ಟಿಗೆ, ಹತ್ತು ಜನ ಹಿಡಿಯುತ್ತಾರೆ. ಅದನ್ನು ನಡೆಸುವವರಲ್ಲಿ ಎಪ್ಪತ್ತು ದಾಟಿದವರು ಒಬ್ಬರೇ, ಹುಲಿಗೆಮ್ಮನ ಅಜ್ಜ ದುರುಗಪ್ಪನವರು. ಬೆಳಿಗ್ಗೆ ಅವಳದು ತಡೆಮಣೆ. “ನಲವತ್ತು ವರ್ಷದಾಗ ಒಂದ್ ಕೂಸೂ ಬಿದ್ದಿಲ್ರಿ. ಬಿದ್ದಿದ್ದು ಒಂದ ಕುಂಬಳಕಾಯಿ, ಅದನ್ನೂ ಅದರ ಮಾಲಕ್ರು ಸರಿಯಾಗಿ ಕಟ್ಟಿರ್ಲಿಲ್ಲ” ಎಂದಳು. ಕೋಣೆಯೆಲ್ಲ ನಗು. ವಾದ ಕೇಳಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ದುರುಗಪ್ಪನವರು ಮೀಸೆ ತಿರುವಿಕೊಂಡರು.

ಊರಮಾತು ಮಗುವಿನ ಮನೆಯದೇ ಆಗಿದ್ದರೆ ಮಧ್ಯಾಹ್ನದ ಮಣೆಯಿಂದ ಅದಕ್ಕೆ ಬಿಡುವು ಕೊಡುವ ಅಧಿಕಾರ ಟೀಚರಿಗಿದೆ. ನಾನು ಕೊಡಲಿಲ್ಲ. ಇಷ್ಟು ಚುರುಕಾದ ಹುಡುಗಿ ತನ್ನ ಅಜ್ಜನ ವಿರುದ್ಧ ಏನು ಹೇಳಬಹುದು ಎಂದು ನನಗೆ ಕುತೂಹಲವಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅಷ್ಟೇ.

ಊಟದ ನಂತರ ಅವಳು ಒಪ್ಪುಮಣೆ ಹತ್ತಿದಳು. ನಾಲ್ಕರಲ್ಲಿ ಮೊದಲ ಪ್ರಶ್ನೆಗೇ ಉತ್ತರ ಕೊಟ್ಟಳು. “ನಮ್ಮ ಅಜ್ಜಗ ಕಂಬದ ಮ್ಯಾಲಿನ ಕೆಂಪು ದೀಪ ಕಾಣಂಗಿಲ್ರಿ. ತಂತಿ ಸಪ್ಪಳ ಕೇಳಿ ಬ್ರೇಕ್ ಹಾಕ್ತಾನ. ಗಾಳಿ ಜೋರಿದ್ದ ದಿನ ನನ್ನ ಬಾಜೂಕ ಕುಂದ್ರಿಸ್ಕೊತಾನ. ದೀಪ ಹತ್ತೇತಿ ಅಂತ ನಾನ ಹೇಳ್ತೀನ್ರಿ.”

ಸಂಜೆಯೊಳಗೆ ಪಂಚಾಯಿತಿ ತೀರ್ಮಾನ ಕೊಟ್ಟಿತು. ದುರುಗಪ್ಪನವರು ಬಂಡಿಯ ಕೀಲಿ ಒಪ್ಪಿಸಿ ಮನೆಗೆ ನಡೆದರು. ಅಂದಿನಿಂದ ಅವಳು ಬಡಿಸಿದ್ದನ್ನು ಉಣ್ಣುತ್ತಾರೆ, ಆದರೆ ನೀರು ಬೇಕಾದರೆ ಗೋಡೆಗೆ ಹೇಳುತ್ತಾರೆ. ಇವಳು ತಂದಿಡುತ್ತಾಳೆ. ತರಗತಿಯಲ್ಲಿ ಅವಳು ಈಗ ಯಾವ ಮಣೆಯನ್ನೂ ಹತ್ತುತ್ತಿಲ್ಲ.

ತಪ್ಪೊಪ್ಪಿಕೊಳ್ಳಲು ಅವರ ಮನೆಗೆ ಹೋಗಿದ್ದೆ. ದುರುಗಪ್ಪನವರು ಚಾಪೆ ಹಾಸಿ ಕೂರಿಸಿದರು, ಚಹಾ ಕೊಟ್ಟರು. “ಆಕಿ ಹೇಳಿದ್ದು ಖರೇ ಐತ್ರಿ ಟೀಚರ್” ಎಂದರು. “ಆದ್ರ ಮನ್ಯಾಗ ಮೊದಲ ನನಗ ಹೇಳಬೇಕಿತ್ತಲ್ಲ?” ಅವಳಿಗೆ ಸತ್ಯವನ್ನು ಹೇಗೆ ಜೋಡಿಸಬೇಕೆಂದು ಮೂರು ವರ್ಷ ಕಲಿಸಿದ್ದೇನೆ. ಮೊದಲು ಯಾರ ಹತ್ತಿರ ಹೇಳಬೇಕೆಂದು ಒಂದು ದಿನವೂ ಕಲಿಸಿಲ್ಲ. ನಿಮ್ಮ ನೋಟ್‌ಬುಕ್ಕನ್ನು ಮತ್ತೆ ಮತ್ತೆ ತಿರುವಿದೆ. ಅದರಲ್ಲೂ ಆ ಪಾಠ ಸಿಗಲಿಲ್ಲ.

ಆದ್ದರಿಂದ ಒಂದು ಕೋರಿಕೆ. ನಾನು ಓದಿದ ಪುಟಗಳನ್ನು ನೀವಿನ್ನೂ ಬರೆದಿಲ್ಲ, ಇವತ್ತೋ ನಾಳೆಯೋ ಮೊದಲ ಪಾಠಕ್ಕೆ ಕೂರುತ್ತೀರಿ. ಚೆನ್ನಾಗಿ ವಾದಿಸಿ, ಬೆಂಚು ಗುದ್ದಿ, ಪೆನ್ನು ಗೆದ್ದುಕೊಳ್ಳಿ. ಆದರೆ ವಾದ ಮುಗಿಸಿ ಮನೆಗೆ ಹೋದ ಮೇಲೆ ಅಲ್ಲಿ ಏನಾಯಿತು ಎಂಬುದನ್ನೂ ಬರೆದಿಡಿ. ಯಾರು ಮುನಿಸಿಕೊಂಡರು, ಅದು ಹೇಗೆ ಇಳಿಯಿತು, ಎಲ್ಲವನ್ನೂ ಬರೆದು ಒಂದು ತಗಡಿನ ಪೆಟ್ಟಿಗೆಯಲ್ಲಿಡಿ. ಇಲ್ಲಿ ಹಳೆಯದನ್ನು ಅಗೆದು ತೆಗೆಯುವವರಿದ್ದಾರೆ, ನಮಗೆ ಸಿಕ್ಕೇ ಸಿಗುತ್ತದೆ.

ನಿಮಗೆ ಬರೆಯುತ್ತಿದ್ದೇನೆಂದು ಇವತ್ತು ಹುಲಿಗೆಮ್ಮನಿಗೆ ಹೇಳಿದೆ, ಏನಾದರೂ ಕೇಳುವುದಿದೆಯೇ ಎಂದೆ. ಬೆಕ್ಕಿನ ವಿಷಯ ಕೇಳುತ್ತಾಳೆಂದುಕೊಂಡಿದ್ದೆ.

“ಅವರ ಅಜ್ಜಂದಿರು ಎಷ್ಟು ದಿನಕ್ಕ ಮಾತಾಡಿದ್ರು ಅಂತ ಕೇಳ್ರಿ” ಎಂದಳು.

ನಿಮ್ಮ,
ನೀಲಾಂಬಿಕೆ ಬಂಡಿಹಾಳ